ಏಳೂವರೆವರೆಗಿನ ಭಯ

“ನಿನಗೆ ಅಜ್ಜಿ ಅಂದರೆ ಭಯವೇ?” ಲಂಡನ್ನಿನ ವೆಂಬ್ಲಿಯ ನಮ್ಮ ಫ್ಲಾಟಿಗೆ ಬಂದಿದ್ದ ಕೌನ್ಸಿಲ್‌ನ ಸೋಶಿಯಲ್ ವರ್ಕರ್ ನನ್ನ ಆರು ವರ್ಷದ ಮೊಮ್ಮಗಳನ್ನು ಕೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ತಡವಾಗಿ ಎದ್ದರೆ ಅಜ್ಜಿ ಕಿವಿ ಹಿಡಿಸಿ ಹತ್ತು ಬಸ್ಕಿ ಹೊಡೆಸುತ್ತಾರೆಂದು ಅವಳು ಶಾಲೆಯಲ್ಲಿ ಹೇಳಿದ್ದಳು; ಶಾಲೆಯವರು ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಕೌನ್ಸಿಲ್‌ಗೆ ತಿಳಿಸಿದ್ದರು. ಸುಳ್ಳಲ್ಲ, ನಾನು ಬೆಳೆದದ್ದೂ ಹಾಗೆಯೇ. ಅವಳು ಹೌದೆಂದರೆ ನಾನು ಮಗನ ಮನೆಯಲ್ಲಿ ಉಳಿಯುವಂತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ನನ್ನ ಮುಖ ನೋಡಲಿಲ್ಲ. ನಾನು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದೆ.

ಮಗು ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವಂತೆ ಹೇಳಿತು: “ಬೆಳಗ್ಗೆ ಏಳೂವರೆವರೆಗೆ ಮಾತ್ರ. ಆಮೇಲೆ ಅಜ್ಜಿ ಜಡೆ ಹಾಕ್ತಾರೆ.”

ಹೊರಡುವಾಗ ಸೋಶಿಯಲ್ ವರ್ಕರ್, ಇನ್ನು ಶಿಕ್ಷೆ ಕೂಡದು ಎಂದಷ್ಟೇ ಹೇಳಿ ಹೋದರು.

ಅಲಾರಾಂ ಈಗಲೂ ಆರಕ್ಕೇ ಹೊಡೆಯುತ್ತದೆ. ಬಸ್ಕಿ ನಿಂತಿದೆ. ಮೊಮ್ಮಗಳು ಕಣ್ಣುಜ್ಜುತ್ತ ಎದ್ದು ಬಂದರೆ ಮೊದಲು ಜಡೆ, ಮಿಕ್ಕದ್ದೆಲ್ಲ ಆಮೇಲೆ.