ಬಚ್ಚಲಿಗೂ ಹೂವಿನ ನೆಲ

ಶ್ರಾವಣಕ್ಕೆ ಮೊದಲು ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದಳು. ಎಲುಬಿಗೇನೂ ಆಗಲಿಲ್ಲ. ಆದರೆ ಅಂದಿನಿಂದ ಒಬ್ಬಳೇ ಒಳಗೆ ಹೋಗಲು ಹೆದರಿದಳು. ಅವ್ವನೇ ತೋಳು ಹಿಡಿದು ನಿಲ್ಲಿಸಿ ನೀರು ಹಾಕಬೇಕು. ಸ್ನಾನವಾದ ಮೇಲೆ ಪೂಜೆ ಮುಗಿಯುವವರೆಗೆ ಅಜ್ಜಿಯನ್ನು ಯಾರೂ ಮುಟ್ಟಬಾರದು. ಹಿಡಿದೇ ಸ್ನಾನ ಮಾಡಿಸಿದರೆ ಮಡಿ ಎಲ್ಲಿ ಉಳಿಯಿತು? ಪೂಜೆಯನ್ನು ಅಪ್ಪನಿಗೆ ಬಿಟ್ಟು ಪಡಸಾಲೆಯಿಂದಲೇ ಕೈ ಮುಗಿಯತೊಡಗಿದಳು. ಊಟ ಕಡಿಮೆಯಾಯಿತು.

ಬೈಲಹೊಂಗಲದ ನಮ್ಮ ಹಳೆಯ ಮನೆಗೆಲ್ಲ ಬಣ್ಣದ ಹೂವಿನ ಸಿಮೆಂಟ್ ಬಿಲ್ಲೆಗಳ ನೆಲ. ಬಚ್ಚಲಿನವು ಮಾತ್ರ ಸವೆದು ನುಣುಪಾಗಿದ್ದವು. ಅವನ್ನು ಕೀಳಿಸುತ್ತೇವೆಂದಾಗ ಅಜ್ಜಿ ಹೇಳಿದಳು: "ಅಲ್ಲಿನೂ ಹೂವಽ ಇರಲಿ. ಬಿಳೇದು ಹಾಕಿ ದವಾಖಾನಿ ಮಾಡಬ್ಯಾಡ್ರಿ."

ನನ್ನ ದಿನಚರಿಯಲ್ಲಿ ಆಮೇಲಿನ ಪುಟಗಳ ತುಂಬ ವಾರ, ಊರು, ಬಸ್ಸು. ಬಿಲ್ಲೆ ಹುಡುಕಿಕೊಂಡು ಅಪ್ಪನ ಜೊತೆ ಶನಿವಾರ ಕಿತ್ತೂರು. ಹಳೇ ನಮೂನೆಯ ಹೂವು ಅಚ್ಚೊತ್ತಿದ ಅಗ್ಗದ ಟೈಲ್ಸ್ ಇದ್ದವು. ನಾನು ಬಾಟಲಿಯ ನೀರು ಸುರಿದು, ಚಪ್ಪಲಿ ಬಿಟ್ಟು, ಅದರ ಮೇಲೆ ಅಂಗಾಲು ಉಜ್ಜಿದೆ. ಜಾರಿತು.

"ಟೈಲ್ಸ್ ತಗೊಳ್ಳಾಕ ಬಂದೀರೋ, ಜಳಕಾ ಮಾಡಾಕ ಬಂದೀರೋ?" ಎಂದ ಅಂಗಡಿಯವನು.

"ಎರಡೂ ಅನ್ನೋದು ನಿಮಗ ತಿಳೀಲಿಲ್ಲಲ್ಲ," ಎಂದರು ಅಪ್ಪ.

ಸೋಮವಾರ ರಾಮದುರ್ಗ. ಕೈಯಿಂದ ಮಾಡಿದ ಬಿಲ್ಲೆಗಳು ಕಾಲಿಗೆ ಹಿಡಿತ ಕೊಟ್ಟವು, ಆದರೆ ಬೆಲೆ ಕೇಳಿ ಇಬ್ಬರೂ ಚಹಾ ಕುಡಿದು ಬಸ್ಸು ಹತ್ತಿದೆವು. ಸವದತ್ತಿಯಲ್ಲಿ ಸಿಕ್ಕದ್ದು ಬಿಲ್ಲೆಗಳ ಚಿತ್ರವಿದ್ದ ಪುಸ್ತಕ ಮಾತ್ರ. ಮನೆಗೆ ಬಂದಾಗಲೆಲ್ಲ ಅವ್ವ ಒದ್ದೆ ಸೆರಗು ಹಿಂಡುತ್ತ ನಮ್ಮ ಖಾಲಿ ಕೈ ನೋಡುತ್ತಿದ್ದಳು.

ಕೊನೆಗೆ ಮುನವಳ್ಳಿಯ ಒಂದು ಮನೆಯ ಹಿತ್ತಲಲ್ಲಿ ಸಿಕ್ಕವು: ಹಿಂದೆಂದೋ ಮನೆ ಕಟ್ಟುವಾಗ ಮಿಕ್ಕಿದ, ಒಮ್ಮೆಯೂ ಹಾಸದ ಹೂವಿನ ಬಿಲ್ಲೆಗಳು. ಮಣ್ಣು ತೊಳೆದರೆ ಕೆಂಪು, ಕಪ್ಪು, ಮಾಸಲು ಹಳದಿ. ಒದ್ದೆ ಕಾಲು ಜಾರಲಿಲ್ಲ. ನಮ್ಮ ಕೈಗೆಟುಕುವ ಬೆಲೆಗೇ ಕೊಟ್ಟರು.

ಗೌಂಡಿ ಹಾಸಿ ಹೋದ. ನೆಲ ಆರಿದ ಮೇಲೆ ಅಜ್ಜಿ ಸ್ನಾನಕ್ಕೆಂದು ಬಾಗಿಲಿಗೆ ಬಂದು, ಹೆಬ್ಬೆರಳನ್ನಷ್ಟೇ ಊರಿ ಹಿಂದೆ ತೆಗೆದಳು. "ಇದರ ಮ್ಯಾಲ ನಾ ನಿಲ್ಲಂಗಿಲ್ಲವಾ."

ನೆಲ ಮಿರಮಿರ ಮಿಂಚುತ್ತಿತ್ತು. ಅವ್ವನ ತವರಿನಲ್ಲಿ ಹೊಸ ನೆಲಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಹೊಳಪು ಬರಿಸುತ್ತಾರೆ. ಅವ್ವ ನಸುಕಿನಲ್ಲೇ ಎದ್ದು ಅಲ್ಲಿಯ ರೂಢಿಯಂತೆ ಇಲ್ಲಿಯೂ ತಿಕ್ಕಿದ್ದಳು.

"ಛಲೋ ಕಾಣ್ಲಿ ಅಂತ ಮಾಡಿದೆ," ಎಂದಳು ಸಣ್ಣಗೆ.

"ಬಜ್ಜಿ ಕರಿಯೂದೊಂದು ಉಳೀತು," ಎಂದರು ಅಪ್ಪ. ಅಜ್ಜಿ ಪಡಸಾಲೆಗೆ ಹಿಂತಿರುಗಿದಳು.

ಎಣ್ಣೆಯನ್ನು ಸಿಮೆಂಟು ಕುಡಿದುಬಿಟ್ಟಿತ್ತು. ಕುದಿಯುವ ನೀರು, ಸೋಪಿನ ಪುಡಿ, ಒಲೆಯ ಬೂದಿ ಹಾಕಿ ನಾನೂ ಅವ್ವನೂ ಸರದಿಯಂತೆ ಮಂಡಿಯೂರಿ ದಿನಾ ತಿಕ್ಕಿದೆವು. ಹೊಳಪಿನ ಜೊತೆಗೆ ಹಳದಿಯೂ ಹೋಯಿತು. ನಮ್ಮ ಅಂಗೈಗಳು ಸುಲಿದವು. ಹೂವು ಮಸುಕಾಯಿತೆಂದು ನಾನು ಗೊಣಗಿದರೆ ಅವ್ವ, "ಹೋಗ್ಲಿ ಬಿಡು, ಕಾಲು ನಿಂತರ ಸಾಕು," ಎಂದಳು.

ಒಂದು ಗುರುವಾರ ಅಜ್ಜಿ ಒಬ್ಬಳೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೊರಗೆ ಅವ್ವ ಕೈ ಚಾಚಿಯೇ ನಿಂತಿದ್ದಳು. ತಂಬಿಗೆಯ ಸಪ್ಪಳ ನಿಂತಾಗ ನಾನೂ ಎದ್ದೆ. ಬಾಗಿಲು ತೆರೆದು ಅಜ್ಜಿ ಒದ್ದೆ ಸೀರೆಯಲ್ಲಿ ಹೊಸ್ತಿಲು ದಾಟಿದಳು. ಅವ್ವ ರೂಢಿಯಂತೆ ತೋಳು ಹಿಡಿಯಹೋದಳು.

"ದೂರ ಸರಿಯವಾ, ಮುಟ್ಟಬ್ಯಾಡ. ಮಡೀಲೆ ಇದ್ದೀನಿ."

ಅವ್ವ ಕೈ ಹಿಂದೆ ತೆಗೆದುಕೊಂಡು ದಾರಿ ಬಿಟ್ಟಳು. ಅಜ್ಜಿ ತಾನೇ ಪೂಜೆಗೆ ಕೂತ ಮೇಲೆ ಗೋಡೆಗೆ ಒರಗಿ ಹಾಗೆಯೇ ಕೆಳಗೆ ಕುಳಿತುಬಿಟ್ಟಳು.