ಟೀಚರಿಗೆ ಬಂದ ಜ್ವರ

ಶಾಲೆಯ ಮಕ್ಕಳು ಬೆನ್ನ ಹಿಂದೆ ಅವರನ್ನು ಜಿರಲೆ ಟೀಚರ್ ಎನ್ನುತ್ತಿದ್ದರು. ಜೀವಶಾಸ್ತ್ರದ ಮೊದಲ ಪ್ರಯೋಗಕ್ಕೆ ಮೇಜಿನ ಮೇಲೆ ಜಿರಲೆಯನ್ನೇ ಇಡುತ್ತಿದ್ದುದರಿಂದ ಬಂದ ಹೆಸರು ಅದು. ಅವರ ಕಿವಿಗೂ ಬಿದ್ದಿತ್ತು. "ಇರಲಿ ಬಿಡಿ, ಅದನ್ನೂ ನನ್ನನ್ನೂ ಮಾಡಿದವನು ಒಬ್ಬನೇ. ಅದು ನನಗಿಂತ ಹಿರಿಯದು, ಅಷ್ಟೆ" ಎಂದು ನಗುತ್ತಿದ್ದರು.

ನಿವೃತ್ತರಾಗಿ ಬಹಳ ಕಾಲ ಬದುಕಿದ್ದು ಅವರು ತೀರಿಕೊಂಡಾಗ, ಮನೆಗೆ ಬಂದ ಹಳೆಯ ಶಿಷ್ಯರೆಲ್ಲ ಆ ಮಾತನ್ನೇ ನೆನೆದರು. ಟೀಚರ ಓರಗಿತ್ತಿ ಎಲ್ಲರಿಗೂ ಕುರ್ಚಿ ಹಾಕಿ, ನೀರು ಕೊಟ್ಟು, ಕೇಳಿಸಿಕೊಂಡಳು. ಅವಳ ನೆನಪು ಬೇರೆಯದೇ ಆಗಿತ್ತು.

ಒಂದೇ ಮನೆಯ ಸೊಸೆಯರು ಅವರು. ದೊಡ್ಡವರು ಪಾಠ ಹೇಳುವವರು, ಚಿಕ್ಕವಳು ಹೊಲಿಗೆ ಯಂತ್ರ ತುಳಿಯುವವಳು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎಂದುಕೊಂಡು ಇಣುಕಿದವರಿಗೆ ಆಡಿಕೊಳ್ಳಲು ಆ ಮನೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಟೀಚರ್ ಬೆಳಗ್ಗೆ ಎದ್ದವರೇ ಹಿತ್ತಿಲ ಬಾಗಿಲ ಬಳಿ ಗೋಡೆಗೆ ಮುಖ ಮಾಡಿ ಪ್ರಾರ್ಥನೆಗೆ ಕೂರುತ್ತಿದ್ದರು. ಆಗ ಹಾಲು ಉಕ್ಕಿದರೂ ತಿರುಗುತ್ತಿರಲಿಲ್ಲ. ಕಣ್ಣು ಬಿಟ್ಟ ಮೇಲೆ ಗಂಡನ ಕೆಮ್ಮಿನಿಂದ ಹಿಡಿದು ಮೈದುನನ ಹರಿದ ಚಪ್ಪಲಿಯವರೆಗೆ ಎಲ್ಲವೂ ಅವರ ಪಾಲಿಗೆ. ಒಂದು ವಿಷಯದಲ್ಲಿ ಮಾತ್ರ ಕಲ್ಲು. ಸುಳ್ಳು ಹೇಳುತ್ತಿರಲಿಲ್ಲ. ಬೇಡದವರು ಬಾಗಿಲಿಗೆ ಬಂದಾಗ ಗಂಡ "ನಾನು ಮನೇಲಿಲ್ಲ ಅನ್ನು" ಎಂದು ಪಿಸುಗುಟ್ಟಿದರೆ, "ಹಾಗಾದ್ರೆ ಹಿತ್ತಿಲಿಂದ ಹೊರಗೆ ಹೋಗಿ, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದರು.

ರಕ್ತದ ಗುಂಪಿನ ಪಾಠ ಅವರಿಗೆ ಬಹಳ ಇಷ್ಟವಾದುದು. ಶಾಲೆಯಲ್ಲೇ ಮಕ್ಕಳ ಬೆರಳು ಚುಚ್ಚಿ ಗುಂಪು ನೋಡುತ್ತಿದ್ದರು. ಅಪ್ಪ ಅಮ್ಮನ ಗುಂಪು ಕೇಳಿಕೊಂಡು ಬರಲು ಹೇಳುತ್ತಿದ್ದರು. ಯಾರದು ಯಾರಿಂದ ಬಂತೆಂದು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದರು. ಒಂದು ವರ್ಷ ಓರಗಿತ್ತಿಯ ಮಗಳು ಅದೇ ತರಗತಿಗೆ ಬಂದಳು. ಮನೆಯಲ್ಲಿ ಅವಳನ್ನು ಚುಕ್ಕಿ ಎಂದು ಕರೆಯುತ್ತಿದ್ದರು.

"ಅಮ್ಮಾ, ನಿನ್ನ ರಕ್ತದ ಗುಂಪು ಯಾವುದು?"

"ಓ. ನಿಮ್ಮಪ್ಪಂದೂ ಓ. ನಮ್ಮಿಬ್ಬರಿಗೂ ಹೊಂದಿಕೆಯಾಗಿದ್ದು ಅದೊಂದೇ."

"ನಂದು ಬಿ!" ಎಂದು ಚುಕ್ಕಿ ಹೆಮ್ಮೆಯಿಂದ ಬೆರಳು ತೋರಿಸಿ ಆಡಲು ಓಡಿದಳು.

ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದ ಟೀಚರ ಕೈ ನಿಂತಿತು. ಚುಕ್ಕಿಯನ್ನು ಹಸುಗೂಸಾಗಿದ್ದಾಗ ತಂದು ಸಾಕಿದ್ದೆಂದು ಮನೆಯ ದೊಡ್ಡವರಿಗೆಲ್ಲ ಗೊತ್ತಿತ್ತು. ಅವಳಿಗೆ ಹೇಳಿರಲಿಲ್ಲ. ಎತ್ತಿ ಆಡಿಸುತ್ತ ಆಡಿಸುತ್ತ ಟೀಚರೂ ಅದನ್ನು ಮರೆತೇಬಿಟ್ಟಿದ್ದರು.

ಬಟ್ಟೆ ಒಣಹಾಕುವ ನೆಪದಲ್ಲಿ ಓರಗಿತ್ತಿಯನ್ನು ಹಿತ್ತಿಲಿಗೆ ಕರೆದರು.

"ಅಪ್ಪ ಅಮ್ಮ ಇಬ್ಬರೂ ಓ ಆದ್ರೆ ಮಗು ಬಿ ಆಗಲ್ಲ ಕಣೇ. ಸೋಮವಾರ ನಾನು ಹಲಗೆ ಮೇಲೆ ಅದನ್ನೇ ಬರೀಬೇಕು."

ಓರಗಿತ್ತಿ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಿಂಡಿದಳು, ಮತ್ತೆ ಹಿಂಡಿದಳು. "ನಂದು ಬಿ ಅಂತ ಬರೆಸಿಬಿಡ್ತೀನಿ ಅಕ್ಕ. ಮರೆತು ಹೇಳಿದೆ ಅಂದ್ರಾಯ್ತು."

"ನಾಳೆ ನಿನಗೆ ರಕ್ತ ಬೇಕಾಗಿ, ಅಮ್ಮಂದೂ ಬಿ ಅಂತ ಆ ಮಗು ರಕ್ತ ಕೊಡೋಕೆ ಕೈ ಚಾಚಿದ್ರೆ?"

"ಹಾಗಾದ್ರೆ ಈ ವರ್ಷ ಪಾಠಾನೇ ಬಿಡಿ."

"ಪರೀಕ್ಷೆಗೆ ಬರುತ್ತೆ. ನಾನು ಬಿಟ್ರೂ ಅವಳೇ ಓದ್ಕೋತಾಳೆ. ನನ್ನ ಬಾಯಿಂದಲೋ ಪುಸ್ತಕದಿಂದಲೋ ಗೊತ್ತಾಗೋದು ಬೇಡ, ನೀನೇ ಹೇಳು."

"ಹೇಳಿದ್ರೆ ಅವಳು ನನ್ನ ಪಾಲಿಗೆ ಉಳೀತಾಳಾ?"

ಟೀಚರ್ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು ಹಗ್ಗಕ್ಕೆ ಹರವಿದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಅಭ್ಯಾಸವೂ ಅವರಿಗಿರಲಿಲ್ಲ.

ಓರಗಿತ್ತಿ ಪ್ರತಿದಿನ ಬಾಯಿ ತೆರೆದಳು, ಪ್ರತಿದಿನ ಬೇರೇನೋ ಹೇಳಿದಳು. ಹಾಲು ಕುಡಿ ಅಂದಳು. ಉಗುರು ಕತ್ತರಿಸು ಅಂದಳು. ಸೋಮವಾರ ಬೆಳಗ್ಗೆ ಟೀಚರ್ ಪ್ರಾರ್ಥನೆ ಮುಗಿಸಿ, ಸೀರೆ ಉಟ್ಟು, ಚೀಲ ಹೆಗಲಿಗೇರಿಸಿ ಅವಳ ಮುಖ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಟೀಚರ್ ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತರು. ಆಮೇಲೆ ಚೀಲ ಇಳಿಸಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದ ಚುಕ್ಕಿಗೆ, "ನನಗೆ ಜ್ವರ ಅಂತ ಹೆಡ್‌ಮಾಸ್ಟರಿಗೆ ಹೇಳು" ಎಂದರು.

ಅವರ ಗಂಡ ಗಾಬರಿಯಿಂದ ಎದ್ದುಬಂದು ಹಣೆ ಮುಟ್ಟಿ ನೋಡಿದರು. "ತಣ್ಣಗಿದೆಯಲ್ಲೇ!"

"ಒಳಗೆ ಇದೆ" ಎಂದು ಟೀಚರ್ ಗೋಡೆ ಕಡೆ ತಿರುಗಿ ಮಲಗಿದರು. ಅಂದು ಊಟಕ್ಕೂ ಏಳಲಿಲ್ಲ.

ಓರಗಿತ್ತಿಗೆ ಹೊಲಿಗೆ ಓಡಲಿಲ್ಲ. ಅಕ್ಕ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗಂಡನಿಗೋಸ್ಕರ ಹೇಳದ ಸುಳ್ಳನ್ನು ತನಗೋಸ್ಕರ ಹೇಳಿ, ಅದರ ಭಾರಕ್ಕೆ ಹೀಗೆ ಮಲಗಿದ್ದನ್ನು ನೋಡಲಾಗಲಿಲ್ಲ. ಸಂಜೆ ಚುಕ್ಕಿ ಬಂದು ಕೈಕಾಲು ತೊಳೆದ ಕೂಡಲೇ ಯಂತ್ರದ ಪಕ್ಕ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಹೇಳಲು ಅಷ್ಟೇನೂ ಹೊತ್ತು ಹಿಡಿಯಲಿಲ್ಲ.

ಚುಕ್ಕಿ ಅಳಲಿಲ್ಲ. ಎದ್ದು ನೇರ ದೊಡ್ಡಮ್ಮನ ಕೋಣೆಗೆ ಹೋದಳು. "ನಿಮಗೂ ಗೊತ್ತಿತ್ತಾ?"

"ಗೊತ್ತಿತ್ತು. ನಿನ್ನನ್ನ ತರುವಾಗ ನನ್ನ ಮಡಿಲಲ್ಲೇ ಮಲಗಿದ್ದೆ. ದಾರಿಯುದ್ದಕ್ಕೂ ಅರಚಿದೆ."

"ಯಾಕೆ ಹೇಳಲಿಲ್ಲ?"

"ಹೇಳಬೇಕಾದವಳು ನಿನ್ನಮ್ಮ. ಇವತ್ತು ಹೇಳಿದಳು. ನನಗೆ ಇಷ್ಟು ಧೈರ್ಯ ಇರ್ತಿತ್ತೋ ಇಲ್ಲವೋ."

ಮರುದಿನ ಟೀಚರ್ ಶಾಲೆಗೆ ಹೋದರು. ಮೊದಲು ಹೆಡ್‌ಮಾಸ್ಟರ ಕೋಣೆಗೆ ಹೋಗಿ, ತಮಗೆ ಜ್ವರ ಇರಲಿಲ್ಲವೆಂದು ಹೇಳಿದರು. ಹೆಡ್‌ಮಾಸ್ಟರು ತಲೆಯೆತ್ತದೆ, "ಜ್ವರ ಇಲ್ಲದಿರೋರು ರಜಾ ಹಾಕೋದು ಈ ಶಾಲೇಲಿ ಹೊಸದೇನಮ್ಮ? ಬಂದು ಹೇಳ್ತಿರೋದು ಹೊಸದು" ಎಂದರು. ಆಮೇಲೆ ಟೀಚರ್ ಪಾಠ ಮಾಡಿದರು. ಮಕ್ಕಳು ಕೇಳಿಕೊಂಡು ಬಂದ ಗುಂಪುಗಳನ್ನು ಕೇಳಲಿಲ್ಲ. ತಾವೇ ಹುಟ್ಟಿಸಿದ ಅಪ್ಪ, ಅಮ್ಮ, ಮಕ್ಕಳನ್ನು ಹಲಗೆಯ ಮೇಲೆ ಬರೆದು ವಿವರಿಸಿದರು. ನಿವೃತ್ತರಾಗುವವರೆಗೂ ಹಾಗೆಯೇ ಮಾಡಿದರು. ಹೊಸ ಮೇಷ್ಟ್ರೊಬ್ಬರು ಕಾರಣ ಕೇಳಿದಾಗ, "ಯಾರ ಮನೆ ಗುಟ್ಟು ಯಾವ ರಕ್ತದಲ್ಲಿದೆಯೋ, ನಮಗ್ಯಾಕೆ" ಎಂದರಂತೆ.

ಮನೆಯಲ್ಲಿ ಚುಕ್ಕಿ ಬಹಳ ವಿನಯದಿಂದ ಇರತೊಡಗಿದಳು. ಬಡಿಸಿದ್ದನ್ನು ತಿಂದಳು. ತಟ್ಟೆ ತೊಳೆದಿಟ್ಟಳು. ಕೇಳಿದ್ದಕ್ಕೆ "ಹೂಂ" ಎಂದಳು. ನೆಂಟರ ಮನೆಯಲ್ಲಿ ಉಳಿದುಕೊಂಡ ಹುಡುಗಿಯ ಹಾಗೆ. ಓರಗಿತ್ತಿ ಆ ವಿನಯಕ್ಕೇ ಹೆದರಿ ಹೆದರಿ ಸೊರಗಿದಳು. "ಕಾದು ನೋಡು" ಎಂದರು ಟೀಚರ್. ತಾವು ಪ್ರಾರ್ಥನೆಗೆ ಇನ್ನಷ್ಟು ಹೊತ್ತು ಕೂರುತ್ತಿದ್ದರು.

ಪರೀಕ್ಷೆಗಳು ಮುಗಿದ ವಾರ, ಓರಗಿತ್ತಿ ಹೊಲಿದುಕೊಟ್ಟ ಹೊಸ ಲಂಗ ತೊಟ್ಟು ಚುಕ್ಕಿ ಕನ್ನಡಿಯ ಮುಂದೆ ನಿಂತಳು.

"ಏನಮ್ಮಾ ಇದು! ಊರಿಗೆಲ್ಲ ಅಳತೆ ನೋಡಿ ಹೊಲೀತೀಯ, ನನಗೆ ಮಾತ್ರ ಗೋಣಿಚೀಲ. ಯಾರಾದ್ರೂ ನೋಡಿದ್ರೆ ಏನಂತಾರೆ? ಬಿಚ್ಚಿ ಹೊಲಿ!"

"ನಿಂತ್ಕೋ, ಕುಣೀಬೇಡ. ಎಲ್ಲಿ ಸಡಿಲ ಹೇಳು."

"ಎಲ್ಲಾ ಕಡೆ! ನಿನಗೆ ನನ್ನ ಮೇಲೆ ಗಮನಾನೇ ಇಲ್ಲ."

ಓರಗಿತ್ತಿ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡಳು. ಮಗಳ ಸೊಂಟದ ಬಳಿ ಮಂಡಿಯೂರಿ, ಬೈಗಳು ಮುಗಿಯುವವರೆಗೂ ಒಂದೊಂದೇ ಸೂಜಿ ಚುಚ್ಚುತ್ತ ಕೂತಳು.