ಸಂಕದ ಮೇಲೆ ಬಂದವಳು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಬಾವಿಕಟ್ಟೆಯ ಹತ್ತಿರ ಯಾರನ್ನೋ ಕಂಡೆ ಎಂದು ಅಜ್ಜಿ ಹೇಳಿದರೆ, "ನಿಮ್ಮ ಕನ್ನಡಕ ಬದಲಿಸಬೇಕು" ಎನ್ನುತ್ತಿದ್ದೆ. ಈಗಲೂ ನಾನು ನಂಬುತ್ತೇನೆಂದು ಹೇಳಲಾರೆ. ಆದರೆ ಆ ದಿನ ನಡೆದದ್ದನ್ನು ನಡೆಯಲೇ ಇಲ್ಲ ಎನ್ನಲೂ ನನ್ನಿಂದಾಗುವುದಿಲ್ಲ.

ಆಗ ಕಾಸರಗೋಡಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ನಮ್ಮಂಥವರ ಕೈಗೆ ಮೊಬೈಲ್ ಇನ್ನೂ ಬಂದಿರಲಿಲ್ಲ. ಬೇಸಗೆ ರಜೆ ಮುಗಿದು ಎರಡನೇ ವರ್ಷದ ತರಗತಿ ಶುರುವಾದ ದಿನ ಅದು. ಜೂನ್ ಬಂದರೂ ಮಳೆಯ ಸುದ್ದಿಯಿಲ್ಲ. ಸೆಕೆಗೆ ಫ್ಯಾನಿನ ಗಾಳಿಯೂ ಬಿಸಿ. ನನ್ನ ಪಕ್ಕದಲ್ಲಿ ಎಂದಿನಂತೆ ಪುಷ್ಪಲತಾ ಕೂತಿದ್ದಳು. ಬಾಯಾರಿನ ಒಳಗಿನ, ತುಳು ಮಾತಾಡುವ ಮನೆಯ ಹುಡುಗಿ. ಅವಳು ಬಸ್ಸಿನಲ್ಲಿ ಉಪ್ಪಳಕ್ಕೆ ಬಂದರೆ ಅಲ್ಲಿಂದ ನಾವಿಬ್ಬರೂ ಒಟ್ಟಿಗೆ ರೈಲು ಹತ್ತುವುದು. ನನ್ನ ಮನೆ ಉಪ್ಪಳ ಸ್ಟೇಶನ್ನಿನ ಹತ್ತಿರವೇ. ಅವಳಿಗೆ ಮಾತ್ರ ಸಂಜೆ ಬಸ್ಸಿಳಿದ ಮೇಲೂ ನಡೆಯಲಿಕ್ಕುಂಟು. ಕೊನೆಗೊಂದು ತೋಡು, ಆ ಹಳ್ಳ ದಾಟಲು ಅಡಿಕೆಮರ ಹಾಸಿದ ಸಂಕ, ಆಚೆ ದಡದಲ್ಲಿ ಮನೆ.

ಹೊಸದಾಗಿ ಬಂದ ಟೀಚರ್ ಒಬ್ಬರು ಮೊದಲ ಪೀರಿಯಡ್ ತೆಗೆದುಕೊಂಡರು. ಮೆದು ಮಾತಿನ ಹೆಂಗಸು. ಪಾಠಕ್ಕೆ ಮೊದಲು ಪರಿಚಯವಾಗಲಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದರು. ಪುಷ್ಪ ಎದ್ದು ಹೆಸರು ಹೇಳಿದಳು. ಟೀಚರ್ ಅವಳನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: "ಎಂತ, ಇಷ್ಟು ಒದ್ದೆಯಾಗಿ ಬಂದಿದ್ದಿ?"

ನಾನು ತಿರುಗಿ ನೋಡಿದೆ. ಇಸ್ತ್ರಿ ಮುರಿಯದ ನೀಲಿ ಚೂಡಿದಾರ, ಒಣಗಿದ ಕೂದಲು.

"ಬಾಯಾರು, ಟೀಚರ್" ಎಂದಳು ಪುಷ್ಪ.

ಯಾರೂ ನಗಲಿಲ್ಲ. ಅವಳು ಕೂತಿದ್ದ ಜಾಗದ ಮೇಲೆ ನಾನು ಸುಮ್ಮನೆ ಕೈಯಿಟ್ಟೆ. ಬೆಂಚಿನ ಮರ ತಣ್ಣಗಿತ್ತು. ಕೈ ತೆಗೆದರೆ ಅಂಗೈ ಒದ್ದೆ. ಕೆಂಪು ಕೆಸರಿನ ವಾಸನೆ.

ತರಗತಿ ಬಿಟ್ಟ ಕೂಡಲೇ ಅವಳನ್ನು ಕೇಳಿದೆ. "ಒದ್ದೆಯಾ? ಟೀಚರ್ ಊರು ಯಾವುದೆಂದು ಕೇಳಿದ್ದಲ್ವಾ? ಸೆಕೆಗೆ ನಿನಗೆ ತಲೆ ಕೆಟ್ಟಿದೆ ಮಾರಾಯ್ತಿ" ಎಂದು ನಕ್ಕಳು. ಹಿಂದಿನ ಬೆಂಚಿನವರನ್ನು ಕೇಳಿದೆ. ಅವರು ಕೇಳಿಸಿಕೊಂಡದ್ದೂ ಅಷ್ಟೇ. ಬೆಂಚು ಮುಟ್ಟಿ ನೋಡಿದೆ, ಒಣಗಿತ್ತು. ಆಮೇಲೆ ಆ ದಿನದ ಯಾವ ಪಾಠವೂ ನನ್ನ ತಲೆಗೆ ಹೋಗಲಿಲ್ಲ.

ಸಂಜೆ ಉಪ್ಪಳದಲ್ಲಿ ಇಳಿದಾಗ ಬಾಯಾರಿನ ಕಡೆಯ ಆಕಾಶ ಕಪ್ಪಾಗಿತ್ತು. ಬಸ್ಸು ಹೊರಡಲು ನಿಂತಿತ್ತು. ಪುಷ್ಪ ಹತ್ತುವಷ್ಟರಲ್ಲಿ ಅವಳ ಬ್ಯಾಗ್ ಹಿಡಿದೆ.

"ಇವತ್ತು ನಮ್ಮಲ್ಲಿ ನಿಲ್ಲು."

"ಯಾಕೆ? ಅಮ್ಮ ಕಾಯ್ತಾರೆ."

"ಮನೆಯಲ್ಲಿ ತಿನ್ನಲಿಕ್ಕೆ ಸಾನ್ನ ಮಾಡಿದ್ದಾರೆ, ಬಾ."

ಸಾನ್ನವೂ ಇರಲಿಲ್ಲ, ಏನೂ ಇರಲಿಲ್ಲ. ನಿಜವಾದ ಕಾರಣ ಹೇಳಲು ಬಾಯಿ ಬರಲಿಲ್ಲ. "ಎಂತ ಹಠ ನಿಂದು! ಬಿಡು!" ಎಂದು ಅವಳು ರೇಗಿದಳು. ನಾನು ಬಿಡಲಿಲ್ಲ. ಜಗಳವಾಡುತ್ತಿದ್ದ ಹಾಗೆಯೇ ಬಸ್ಸು ಹೋಯಿತು. ಮನೆಗೆ ಬಂದು ಅವಳ ಮನೆಗೆ ಫೋನ್ ಮಾಡುವಷ್ಟರಲ್ಲಿ ಮಳೆ ಹೊಡೆಯಿತು. ಮಳೆಗಾಲದ ಮೊದಲ ಮಳೆ. ಎಷ್ಟು ಪ್ರಯತ್ನಿಸಿದರೂ ಲೈನ್ ಸಿಗಲಿಲ್ಲ. ಆ ರಾತ್ರಿ ಪುಷ್ಪ ನನ್ನೊಡನೆ ಮಾತೇ ಬಿಟ್ಟಳು.

ಬೆಳಗ್ಗೆ ಫೋನ್ ಹೋಯಿತು. ಅವಳ ಅಣ್ಣ ಎತ್ತಿದ. "ಅಣ್ಣಾ, ನಾನು" ಎಂದಳು ಪುಷ್ಪ. ಅವನು ಕೇಳಿದ್ದು ನನಗೂ ಕೇಳಿಸಿತು: "ನೀನು ಎಲ್ಲಿಂದ ಮಾತಾಡುವುದು?"

ನಾವಿಬ್ಬರೂ ಸಿಕ್ಕಿದ ಬಸ್ಸು ಹತ್ತಿದೆವು. ತೋಡಿನಲ್ಲಿ ಕೆಂಪು ನೀರು, ಸಂಕ ಇರಲಿಲ್ಲ. ಎರಡೂ ದಡಗಳಲ್ಲಿ ಗಂಡಸರು ಹಗ್ಗ, ಬಿದಿರು ಹಿಡಿದು ಹುಡುಕುತ್ತಿದ್ದರು. ಪುಷ್ಪಳನ್ನು ಕಂಡ ಒಬ್ಬ ಮುದುಕ ಎರಡು ಹೆಜ್ಜೆ ಹಿಂದೆ ಸರಿದ. ದೂರದ ಸೇತುವೆ ಸುತ್ತಿ ಮನೆ ಮುಟ್ಟಿದಾಗ ಅವಳ ಅಮ್ಮ ಓಡಿ ಬಂದು ಮಗಳ ಮುಖ, ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದರು.

ಹಿಂದಿನ ಮುಸ್ಸಂಜೆ ಅವರು ಕೊಡೆ ಹಿಡಿದು ದಡದಲ್ಲಿ ಕಾಯುತ್ತಿದ್ದರಂತೆ. ಆ ಮಳೆಯಲ್ಲಿ ಮಗಳು ಸಂಕದ ಮೇಲೆ ಬರುತ್ತಿದ್ದಳು. ಅದೇ ನೀಲಿ ಚೂಡಿದಾರ, ಮುಖಕ್ಕೆ ಅಂಟಿದ ಕೂದಲು. "ಬೇಗ ಬಾ" ಎಂದು ಕೂಗಿದ್ದಾರೆ. ಅಷ್ಟರಲ್ಲಿ ಮೇಲಿನಿಂದ ನೀರು ನುಗ್ಗಿ ಸಂಕವೂ ಹೋಯಿತು, ಅವಳೂ ಹೋದಳು.

ಬಾಯಾರು, ಪೈವಳಿಕೆ, ಕೆಳಗಿನ ಊರುಗಳಲ್ಲೆಲ್ಲ ವಿಚಾರಿಸಿದರು. ಯಾವ ಮನೆಯ ಹುಡುಗಿಯೂ ಕಾಣೆಯಾಗಿರಲಿಲ್ಲ. ಹೆಣವೂ ಸಿಗಲಿಲ್ಲ. ಗಾಬರಿಯಲ್ಲಿ ಕಣ್ಣಿಗೆ ಹಾಗೆ ಕಂಡದ್ದು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ನಾನು ಟೀಚರನ್ನು ಕೇಳಿದೆ. "ಊರು ಕೇಳಿದೆ, ಅಷ್ಟೇ. ಯಾಕಮ್ಮಾ?" ಎಂದರು.

ಆ ವರ್ಷ ದೀಪಾವಳಿಗೆ ಪುಷ್ಪ ನನ್ನನ್ನು ಮನೆಗೆ ಕರೆದಿದ್ದಳು. ಊಟವಾದ ಮೇಲೆ ಅವಳ ಅಮ್ಮ ನನ್ನನ್ನು ಅಂಗಳದ ಮೂಲೆಗೆ ಕರೆದುಕೊಂಡು ಹೋದರು. ಒಳಗೆ ಪುಷ್ಪ ಅಣ್ಣನೊಡನೆ ನಗುತ್ತಿದ್ದಳು.

"ನನ್ನ ಮಗಳು ನನಗೆ ಸಿಕ್ಕಿದಳು ಮಗಾ, ನಿನ್ನ ಪುಣ್ಯ" ಎಂದರು. ಆಮೇಲೆ ದನಿ ತಗ್ಗಿಸಿದರು. "ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಾನು ಕರೆದಾಗ ಅವಳು ತಲೆಯೆತ್ತಿ 'ಅಮ್ಮಾ' ಅಂದಳು. ನಾನು ಕೇಳಿದ್ದೇನೆ. ಹಾಗಾದರೆ ಅದು ಯಾರ ಮಗಳು?"

ನಾನು ಅವರ ಕೈ ಹಿಡಿದುಕೊಂಡೆ.